ಗಣಕಯಂತ್ರದ ದಿನಚರಿ: ಸಿಸ್‌ಲಾಗ್ ಪದ್ಧತಿಯ ಇತಿಹಾಸ ಮತ್ತು ಸಾಕ್ಷ್ಯಬಲ

ಇತಿಹಾಸದ ಆಕರಗಳೆಂದೊಡನೆ ಶಾಸನ, ತಾಮ್ರಪಟ, ಕಡತ, ಕೈಫಿಯತ್ತು, ಪ್ರವಾಸಿಗರ ಬರಹ ಮೊದಲಾದವನ್ನು ಹೆಸರಿಸುವುದು ನಮ್ಮಲ್ಲಿ ವಾಡಿಕೆ. ಇವೆಲ್ಲವೂ ಮನುಷ್ಯನು ಬರೆದವು. ಕಳೆದ ನಾಲ್ಕು ದಶಕಗಳಲ್ಲಿ ಇವುಗಳ ಪಕ್ಕದಲ್ಲಿ ಬೇರೊಂದು ಬಗೆಯ ಆಕರವು ಬೆಳೆದುನಿಂತಿದೆ. ಗಣಕಯಂತ್ರದಲ್ಲಿ ನಡೆಯುವ ಪ್ರೋಗ್ರಾಮುಗಳು ತಾವು ಮಾಡಿದ್ದನ್ನೂ, ಮಾಡಲಾರದೆ ಹೋದದ್ದನ್ನೂ, ತಮ್ಮ ಬಾಗಿಲಿಗೆ ಬಂದವರ ಹೆಸರನ್ನೂ ಹೊತ್ತು ಸಹಿತವಾಗಿ ಸಾಲು ಸಾಲಾಗಿ ಬರೆದಿಡುತ್ತವೆ. ಈ ಬರಹಕ್ಕೆ ಲಾಗ್ ಎಂದು ಹೆಸರು. ಬ್ಯಾಂಕಿನ ವ್ಯವಹಾರ, ರೈಲ್ವೆಯ ಟಿಕೆಟ್ಟು, ಪರೀಕ್ಷೆಯ ಫಲಿತಾಂಶ ಮುಂತಾದವುಗಳಲ್ಲಿ ವಿವಾದವೆದ್ದಾಗ ಕೊನೆಗೆ ತೆರೆದು ನೋಡುವುದು ಈ ಪುಟಗಳನ್ನೇ.

ಪ್ರಕೃತ ಲೇಖನದಲ್ಲಿ ಇಂಥ ಬರಹದ ಪದ್ಧತಿಗಳ ಪೈಕಿ ಅತ್ಯಂತ ಬಳಕೆಯಲ್ಲಿರುವ ಸಿಸ್‌ಲಾಗ್ ಎಂಬುದರ ಇತಿಹಾಸವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಯಂತ್ರವು ಬರೆದುದಾದ ಕಾರಣ ಅದು ನಿಷ್ಪಕ್ಷಪಾತವೂ ನಿರ್ದೋಷವೂ ಆಗಿರಲೇಬೇಕೆಂಬ ಭಾವನೆ ವಿದ್ಯಾವಂತರಲ್ಲಿಯೂ ಪ್ರಚಲಿತವಾಗಿದೆ. ಈ ಭಾವನೆ ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ. ಲಾಗ್ ಎಂಬುದು ಸತ್ಯವಲ್ಲ, ಸಾಕ್ಷ್ಯ. ಶಾಸನವನ್ನು ಓದುವವನು ಕೇಳುವ ಮೂರು ಪ್ರಶ್ನೆಗಳನ್ನು, ಎಂದರೆ ಇದನ್ನು ಯಾವಾಗ ಬರೆದರು, ಯಾರ ಮಾತನ್ನು ಬರೆದರು, ಬರೆದವರು ಯಾರು ಮತ್ತು ಆಮೇಲೆ ತಿದ್ದಿದವರುಂಟೇ ಎಂಬುವನ್ನು, ಇಲ್ಲಿಯೂ ಕೇಳಬೇಕಾಗಿದೆ. ಸಿಸ್‌ಲಾಗಿನ ಇತಿಹಾಸವೆಂದರೆ ಈ ಪ್ರಶ್ನೆಗಳನ್ನು ತಡವಾಗಿ, ಪೆಟ್ಟು ತಿಂದು ಕಲಿತ ಇತಿಹಾಸವಾಗಿದೆ.

1. ಹೆಸರು ಮತ್ತು ಮೂಲ

ಲಾಗ್ ಎಂಬ ಇಂಗ್ಲಿಷ್ ಶಬ್ದಕ್ಕೆ ಮರದ ದಿಮ್ಮಿ ಎಂಬುದು ಮೊದಲಿನ ಅರ್ಥ. ಹಡಗಿನ ವೇಗವನ್ನು ತಿಳಿಯಲು ನಾವಿಕರು ಗಂಟುಗಳುಳ್ಳ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ನಿಯತಕಾಲದಲ್ಲಿ ಎಷ್ಟು ಗಂಟುಗಳು ಕೈಜಾರಿ ಹೋದವೆಂದು ಎಣಿಸುತ್ತಿದ್ದರು. 1574ರಲ್ಲಿ ಪ್ರಕಟವಾದ ವಿಲಿಯಂ ಬೋರ್ನ್ ಎಂಬಾತನ ನೌಕಾಶಾಸ್ತ್ರ ಗ್ರಂಥದಲ್ಲಿ ಈ ಸಾಧನದ ವರ್ಣನೆಯಿದೆ. ಹೀಗೆ ಎಣಿಸಿದ್ದನ್ನು ಬರೆದಿಡುವ ಪುಸ್ತಕಕ್ಕೆ ಲಾಗ್ ಪುಸ್ತಕವೆಂಬ ಹೆಸರು ಬಂದು, ಕಾಲಕ್ರಮದಲ್ಲಿ ಪ್ರಯಾಣದ ಸಮಸ್ತ ದಿನಚರಿಗೂ ಅದೇ ಹೆಸರು ನಿಂತಿತು.

ಆರಂಭಕಾಲದ ಗಣಕಯಂತ್ರಗಳ ಬಳಿಯಲ್ಲಿಯೂ ಇಂಥ ಪುಸ್ತಕವಿರುತ್ತಿತ್ತು. ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ನಿರ್ಮಿತವಾದ ಎಡ್ಸಾಕ್ ಯಂತ್ರವು 1949ರ ಮೇ 6ರಂದು ಮೊದಲ ಬಾರಿಗೆ ಕೆಲಸ ಮಾಡಿ, 0ಯಿಂದ 99ರವರೆಗಿನ ಸಂಖ್ಯೆಗಳ ವರ್ಗಗಳನ್ನು ಅಚ್ಚು ಮಾಡಿತೆಂಬ ಸಂಗತಿ ಅದರ ಲಾಗ್ ಪುಸ್ತಕದಿಂದಲೇ ತಿಳಿದುಬರುತ್ತದೆ. ಅಲ್ಲಿ ಬರೆದ ಕೈ ಮನುಷ್ಯನದು. ಯಂತ್ರವನ್ನು ನಡೆಸುವವನೇ ಅದರ ಕರಣಿಕನೂ ಆಗಿದ್ದನು.

ಒಂದೇ ಯಂತ್ರದಲ್ಲಿ ಹತ್ತಾರು ಜನರ ಕೆಲಸ ಏಕಕಾಲದಲ್ಲಿ ನಡೆಯತೊಡಗಿದಾಗ, ಮತ್ತು ರಾತ್ರಿಯ ಹೊತ್ತು ಯಾರೂ ಇಲ್ಲದೆಯೂ ಕೆಲಸ ಸಾಗತೊಡಗಿದಾಗ, ಈ ಏರ್ಪಾಡು ಸಾಲದಾಯಿತು. ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡುಬಂದದ್ದು ವಿದ್ಯುನ್ಮಾನ ಅಂಚೆಯಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದಲ್ಲಿ ಎರಿಕ್ ಆಲ್ಮನ್ ಎಂಬುವರು ಡೆಲಿವರ್‌ಮೇಲ್ ಎಂಬ ಪ್ರೋಗ್ರಾಮನ್ನೂ, ಅನಂತರ ಅದನ್ನು ವಿಸ್ತರಿಸಿ ಸೆಂಡ್‌ಮೇಲ್ ಎಂಬುದನ್ನೂ ರಚಿಸಿದರು. ಒಂದು ಜಾಲದಿಂದ ಬಂದ ಕಾಗದವನ್ನು ಮತ್ತೊಂದು ಜಾಲಕ್ಕೆ ದಾಟಿಸುವುದು ಅದರ ಕೆಲಸ. ಕಾಗದವು ತಲುಪದಿದ್ದರೆ ಎಲ್ಲಿ ತಡೆಯಿತು, ಏಕೆ ತಡೆಯಿತು ಎಂದು ಹೇಳಬಲ್ಲ ಮನುಷ್ಯನು ಅಲ್ಲಿರಲಿಲ್ಲ, ಪ್ರೋಗ್ರಾಮೇ ಹೇಳಬೇಕಾಗಿತ್ತು. ಇದಕ್ಕಾಗಿ ಆಲ್ಮನ್‌ರವರು ಮಾಡಿದ ಏರ್ಪಾಡೇ ಸಿಸ್‌ಲಾಗ್. ಬರ್ಕ್ಲಿಯಿಂದ 1983ರಲ್ಲಿ ಹೊರಬಂದ ಯುನಿಕ್ಸ್‌ನ 4.2 ಆವೃತ್ತಿಯಲ್ಲಿ ಇದು ಕಾಣಿಸಿಕೊಂಡಿತು, 1986ರ 4.3 ಆವೃತ್ತಿಯಲ್ಲಿ ಸುಧಾರಿತ ರೂಪವನ್ನು ಪಡೆಯಿತು.

2. ಬರಹದ ರೀತಿ

ಸಿಸ್‌ಲಾಗಿನ ಮುಖ್ಯ ತತ್ತ್ವ ಸರಳವಾದುದು. ಅದಕ್ಕೆ ಮೊದಲು ಪ್ರತಿಯೊಂದು ಪ್ರೋಗ್ರಾಮೂ ತನಗೆ ತೋಚಿದ ಕಡತದಲ್ಲಿ ತನಗೆ ತೋಚಿದಂತೆ ಬರೆದುಕೊಳ್ಳುತ್ತಿತ್ತು. ಇನ್ನು ಮುಂದೆ ಅದು ಹೇಳಬೇಕಾದ್ದನ್ನು ಒಬ್ಬ ಸಾಮಾನ್ಯ ಲೇಖಕನಿಗೆ ಹೇಳಿದರೆ ಸಾಕು. ಯಾವುದನ್ನು ಎಲ್ಲಿ ಬರೆಯಬೇಕೆಂಬುದನ್ನು ಆ ಲೇಖಕನೇ ನಿರ್ಧರಿಸುವನು. ಈ ಲೇಖಕನೂ ಒಂದು ಪ್ರೋಗ್ರಾಮೇ. ಅದು ಸದಾಕಾಲ ಹಿನ್ನೆಲೆಯಲ್ಲಿ ಎಚ್ಚರವಾಗಿರುತ್ತದೆ. ಅದಕ್ಕೆ ಕೊಡುವ ಸೂಚನೆಗಳು ಪ್ರತ್ಯೇಕವಾದ ಕಡತವೊಂದರಲ್ಲಿರುವುದರಿಂದ, ಪ್ರೋಗ್ರಾಮನ್ನು ಮುಟ್ಟದೆಯೇ ಯಂತ್ರದ ಆಡಳಿತಗಾರನು ಬರಹದ ವ್ಯವಸ್ಥೆಯನ್ನು ಬದಲಿಸಬಹುದು. ಹೇಳುವವನಿಗೂ ಬರೆಯುವವನಿಗೂ ಹೀಗೆ ಕಾರ್ಯವಿಭಾಗವಾದದ್ದೇ ಆಲ್ಮನ್‌ರವರ ಮುಖ್ಯ ಕೊಡುಗೆ ಎನ್ನಬಹುದು.

ಪ್ರತಿ ಸಂದೇಶದ ತಲೆಯಲ್ಲಿಯೂ ಎರಡು ವಿಷಯಗಳಿರುತ್ತವೆ. ಮೊದಲನೆಯದು ತೀವ್ರತೆ. ಇದಕ್ಕೆ 0ಯಿಂದ 7ರವರೆಗೆ ಎಂಟು ಮೆಟ್ಟಿಲುಗಳುಂಟು: ಯಂತ್ರವೇ ನಿರುಪಯುಕ್ತವಾದ ತುರ್ತು ಸ್ಥಿತಿ, ಕೂಡಲೇ ಗಮನಿಸಬೇಕಾದುದು, ವಿಷಮಸ್ಥಿತಿ, ದೋಷ, ಎಚ್ಚರಿಕೆ, ಗಮನಾರ್ಹ ಸಂಗತಿ, ಸಾಧಾರಣ ಮಾಹಿತಿ, ಮತ್ತು ಪ್ರೋಗ್ರಾಮು ಬರೆದವನ ಪರೀಕ್ಷೆಗಾಗಿ ಮಾತ್ರ ಇರತಕ್ಕ ವಿವರ. ಎರಡನೆಯದು ಮೂಲ, ಎಂದರೆ ಸಂದೇಶವು ಯಾವ ಇಲಾಖೆಯಿಂದ ಬಂದಿತೆಂಬುದು. ಇದಕ್ಕೆ 24 ಸಂಖ್ಯೆಗಳು ಗೊತ್ತಾಗಿವೆ. ಮೂಲದ ಸಂಖ್ಯೆಯನ್ನು ಎಂಟರಿಂದ ಗುಣಿಸಿ ತೀವ್ರತೆಯನ್ನು ಕೂಡಿಸಿದರೆ ಸಂದೇಶದ ಆದ್ಯತೆ ದೊರೆಯುತ್ತದೆ. ಉದಾಹರಣೆಗೆ, ಒಳಬರುವವರ ಗುರುತು ಪರೀಕ್ಷಿಸುವ ಇಲಾಖೆಯ ಸಂಖ್ಯೆ 4. ಅದರಿಂದ ಬಂದ ವಿಷಮಸ್ಥಿತಿಯ, ಎಂದರೆ 2ನೆಯ ತೀವ್ರತೆಯ, ಸಂದೇಶಕ್ಕೆ 34 ಎಂಬ ಅಂಕ ಬೀಳುತ್ತದೆ.

ಮೂಲಗಳ ಈ ಪಟ್ಟಿಯೇ ಒಂದು ಐತಿಹಾಸಿಕ ದಾಖಲೆಯಾಗಿದೆ. ಯಂತ್ರದ ತಿರುಳಾದ ಕರ್ನಲ್‌ಗೆ 0, ಸಾಮಾನ್ಯ ಬಳಕೆದಾರರಿಗೆ 1, ಅಂಚೆಗೆ 2 ಎಂದು ಸಂಖ್ಯೆಗಳಿವೆ. ಸಾಲು ಮುದ್ರಕಕ್ಕೆ 6, ಜಾಲದ ವಾರ್ತಾವಿನಿಮಯಕ್ಕೆ 7, ದೂರವಾಣಿ ತಂತಿಯ ಮೂಲಕ ಯುನಿಕ್ಸ್ ಯಂತ್ರಗಳು ಕಡತಗಳನ್ನು ಕಳುಹಿಸಿಕೊಳ್ಳುತ್ತಿದ್ದ ಯುಯುಸಿಪಿ ಎಂಬ ಏರ್ಪಾಡಿಗೆ 8 ಮೀಸಲಾಗಿವೆ. ಆದರೆ ಇಂದಿನ ಪ್ರಧಾನ ವ್ಯವಹಾರಗಳಾದ ವೆಬ್ ಸೇವೆಗಾಗಲಿ ದತ್ತಸಂಗ್ರಹಕ್ಕಾಗಲಿ ಪಟ್ಟಿಯಲ್ಲಿ ಸ್ವಂತ ಸಂಖ್ಯೆಯಿಲ್ಲ. ಅವು ಸ್ಥಳೀಯ ಬಳಕೆಗೆಂದು ಬಿಟ್ಟ 16ರಿಂದ 23ರವರೆಗಿನ ಎಂಟು ಸ್ಥಾನಗಳಲ್ಲಿ ಅಥವಾ ಇತರರ ಹೆಸರಿನಲ್ಲಿ ನಡೆಯಬೇಕಾಗಿದೆ. ಹಳೆಯ ಸುಂಕದ ಪಟ್ಟಿಯಿಂದ ಆ ಕಾಲದ ಸಂತೆಯ ಸರಕುಗಳು ತಿಳಿಯುವಂತೆ, 1980ರ ದಶಕದ ಗಣಕಲೋಕವು ಈ ಪಟ್ಟಿಯಿಂದ ತಿಳಿಯುತ್ತದೆ.

ಈ ಲೇಖಕನು ಎಲ್ಲವನ್ನೂ ಬರೆಯುವವನಲ್ಲವೆಂಬುದನ್ನೂ ಮರೆಯಬಾರದು. ಒಂದೇ ಸಂದೇಶವು ಮತ್ತೆ ಮತ್ತೆ ಬಂದರೆ, ಹಿಂದಿನ ಮಾತೇ ಇಷ್ಟು ಸಲ ಬಂದಿತೆಂದು ಅವನು ಸಂಕ್ಷೇಪಿಸಿಬಿಡುವುದುಂಟು. ಕಡತವು ಬೆಳೆದ ಮೇಲೆ ಹಳೆಯದನ್ನು ಪಕ್ಕಕ್ಕಿಟ್ಟು, ಅದಕ್ಕೂ ಹಳೆಯದನ್ನು ಅಳಿಸಿಹಾಕುವುದು ವಾಡಿಕೆ. ಬೇರೆ ಯಂತ್ರಕ್ಕೆ ಸಂದೇಶವನ್ನು ಕಳುಹಿಸುವಾಗ ಮೊದಲಿನಿಂದ ಬಳಸುತ್ತ ಬಂದ ಯುಡಿಪಿ ಎಂಬ ಸಾಗಣೆಯು ಸ್ವೀಕೃತಿಯಿಲ್ಲದ ಕಾಗದದಂತಿದೆ. ನಡುವೆ ಕಳೆದುಹೋದರೆ ಕಳುಹಿಸಿದವನಿಗೂ ತಿಳಿಯದು, ಪಡೆಯಬೇಕಾದವನಿಗೂ ತಿಳಿಯದು. ಆದಕಾರಣ ಲಾಗಿನಲ್ಲಿ ಒಂದು ಸಂಗತಿಯ ಉಲ್ಲೇಖವಿಲ್ಲವೆಂಬ ಮಾತ್ರಕ್ಕೆ ಅದು ನಡೆಯಲೇ ಇಲ್ಲವೆಂದು ಹೇಳುವುದು ತರ್ಕಸಮ್ಮತವಲ್ಲ.

3. ವರ್ಷವಿಲ್ಲದ ತೇದಿ

ಸಿಸ್‌ಲಾಗ್ ಸುಮಾರು ಹದಿನೆಂಟು ವರ್ಷಗಳ ಕಾಲ ಲಿಖಿತ ಲಕ್ಷಣವಿಲ್ಲದೆ ರೂಢಿಯ ಬಲದಿಂದಲೇ ಹರಡಿತು. ಅಂತರ್ಜಾಲದ ವಿಧಿಗಳನ್ನು ನಿರೂಪಿಸುವ ಆರ್.ಎಫ್.ಸಿ. ಮಾಲೆಯ 3164ನೆಯ ಪತ್ರವು 2001ರ ಆಗಸ್ಟ್‌ನಲ್ಲಿ ಕ್ರಿಸ್ ಲಾನ್ವಿಕ್ ಎಂಬುವರ ಹೆಸರಿನಲ್ಲಿ ಪ್ರಕಟವಾದಾಗ ಅದು ವಿಧಿಸಲಿಲ್ಲ, ವರ್ಣಿಸಿತು. ಪ್ರಯೋಗವು ಮೊದಲು, ವ್ಯಾಕರಣವು ಆಮೇಲೆ ಎಂಬಂತಾಯಿತು. ಈ ವರ್ಣನೆಯಲ್ಲಿ ಇತಿಹಾಸದ ವಿದ್ಯಾರ್ಥಿಯ ಗಮನವನ್ನು ಒಡನೆಯೇ ಸೆಳೆಯುವ ಸಂಗತಿಯೊಂದಿದೆ. ಸಂದೇಶದ ಕಾಲವನ್ನು ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡುಗಳಿಂದ ಗುರುತಿಸಿದೆ, ವರ್ಷವೇ ಇಲ್ಲ. ಯಾವ ದೇಶದ ವೇಳೆಯೆಂಬುದೂ ಇಲ್ಲ.

ಶಾಸನಗಳ ಪರಿಚಯವುಳ್ಳವರಿಗೆ ಈ ತೊಡಕು ಹೊಸದಲ್ಲ. ಶಕವರ್ಷವನ್ನು ಕೊಡದೆ ಸಂವತ್ಸರದ ಹೆಸರನ್ನು ಮಾತ್ರ ಕೊಡುವ ಶಾಸನವು ಅರುವತ್ತು ವರ್ಷಗಳಿಗೊಮ್ಮೆ ಬರುವ ಯಾವ ಸಂವತ್ಸರಕ್ಕಾದರೂ ಸೇರಬಹುದು. ಅರಸನ ಹೆಸರು, ಲಿಪಿಯ ಸ್ವರೂಪ, ತಿಥಿವಾರಗಳ ಹೊಂದಾಣಿಕೆ ಇವುಗಳಿಂದ ವಿದ್ವಾಂಸರು ಕಾಲವನ್ನು ನಿರ್ಣಯಿಸಬೇಕಾಗುತ್ತದೆ. ಜನವರಿ 3 ಎಂದಷ್ಟೇ ಹೇಳುವ ಲಾಗಿನ ಸಾಲು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಎರಡು ಕಡೆಗಳಲ್ಲಿಯೂ ಕಾರಣ ಒಂದೇ. ಬರೆದವನು ಸಮಕಾಲೀನರಿಗಾಗಿ ಬರೆದನು. ಓದುವವನಿಗೆ ವರ್ಷವು ತಾನಾಗಿ ಗೊತ್ತಿರುತ್ತದೆಂದು ಭಾವಿಸಿದನು. ನಾಳೆ ತಿದ್ದಬೇಕಾದ ದೋಷಕ್ಕೆ ಇಂದು ಮಾಡಿಕೊಂಡ ಟಿಪ್ಪಣಿಯು ಹತ್ತು ವರ್ಷಗಳ ಮೇಲೆ ನ್ಯಾಯಾಲಯದ ಮುಂದೆ ನಿಲ್ಲಬಹುದೆಂದು ಅವನು ಎಣಿಸಿರಲಿಲ್ಲ.

ವೇಳೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ, ಶರತ್ಕಾಲದಲ್ಲಿ ಅದನ್ನು ಹಿಂದಿಡುವ ರಾತ್ರಿ, ಒಂದು ಗಂಟೆ ಎರಡು ಸಾರಿ ಬರುತ್ತದೆ. ಸ್ಥಳೀಯ ವೇಳೆಯನ್ನು ಬರೆಯುವ ಲಾಗಿನಲ್ಲಿ ಆ ಎರಡು ಗಂಟೆಗಳ ಘಟನೆಗಳನ್ನು ತೇದಿಯ ಬಲದಿಂದ ಬೇರ್ಪಡಿಸಲಾಗದು. 2009ರ ಮಾರ್ಚ್‌ನಲ್ಲಿ ರೈನರ್ ಗೆರ್ಹಾರ್ಡ್ಸ್ ಅವರ ಸಂಪಾದಕತ್ವದಲ್ಲಿ ಬಂದ 5424ನೆಯ ಪತ್ರವು ಈ ದೋಷಗಳನ್ನು ನಿವಾರಿಸಿತು. ಅದರಂತೆ ವರ್ಷವನ್ನೂ, ಸೆಕೆಂಡಿನ ಭಾಗಗಳನ್ನೂ, ವಿಶ್ವವೇಳೆಯಿಂದ ಇರುವ ಅಂತರವನ್ನೂ ಬರೆಯಬಹುದು. ಭಾರತದ ವೇಳೆಗೆ ಈ ಅಂತರ 5 ಗಂಟೆ 30 ನಿಮಿಷ. ಸಂದೇಶದ ಒಡಲಿಗೆ ಯುಟಿಎಫ್-8 ಎಂಬ ಸಂಕೇತಕ್ರಮವೂ ಮಾನ್ಯವಾಯಿತಾದ್ದರಿಂದ, ಕನ್ನಡದಲ್ಲಿಯೂ ಲಾಗ್ ಬರೆಯುವುದಕ್ಕೆ ವಿಧಿಯ ಅಡ್ಡಿ ಉಳಿಯಲಿಲ್ಲ. ಆದರೂ ಹಳೆಯ ರೀತಿಯು ಅನೇಕ ಯಂತ್ರಗಳಲ್ಲಿ ಇನ್ನೂ ನಡೆದುಬಂದಿದೆ.

ಗಡಿಯಾರವೇ ತಪ್ಪಾಗಿದ್ದರೆ ಎಂಥ ತೇದಿಯೂ ನಿರರ್ಥಕ. ಈ ಕಾರಣದಿಂದಲೇ ಭಾರತದ ಗಣಕಸುರಕ್ಷಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಲಾಗ್‌ಗಳನ್ನು 180 ದಿನಗಳ ಕಾಲ ಕಾಪಾಡಬೇಕೆಂಬುದರ ಜೊತೆಗೆ, ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ರಾಷ್ಟ್ರೀಯ ಭೌತಪ್ರಯೋಗಾಲಯದ ಕಾಲಮಾನಕ್ಕೆ ಸರಿಹೊಂದಿಸಬೇಕೆಂದು ವಿಧಿಸಿರುವುದು.

4. ಮಾತು ಆಜ್ಞೆಯಾದ ಪ್ರಸಂಗಗಳು

ಎರಡನೆಯ ಪ್ರಶ್ನೆ ಯಾರ ಮಾತನ್ನು ಬರೆದರು ಎಂಬುದು. ಪ್ರೋಗ್ರಾಮು ಬರೆದಿಡುವ ಸಾಲಿನಲ್ಲಿ ಅದರ ಸ್ವಂತ ಮಾತಿನೊಡನೆ ಹೊರಗಿನವರ ಮಾತೂ ಸೇರಿರುತ್ತದೆ. ತಪ್ಪು ಗುಪ್ತಪದ ಕೊಟ್ಟವನ ಹೆಸರು, ಅಂಚೆ ಕಳುಹಿಸಿದವನ ವಿಳಾಸ ಇವೆಲ್ಲ ಅಪರಿಚಿತರು ತಾವೇ ಹೇಳಿಕೊಂಡವು. ಅಪರಿಚಿತನು ತನ್ನ ಹೆಸರಿನ ನಡುವೆ ಸಾಲು ಮುರಿಯುವ ಚಿಹ್ನೆಯನ್ನಿಟ್ಟು, ಮುಂದಿನ ಸಾಲಿನಲ್ಲಿ ಸುಳ್ಳು ದಾಖಲೆಯನ್ನು ಸೇರಿಸಿದರೆ, ಅದು ಹಸ್ತಪ್ರತಿಯಲ್ಲಿ ಸೇರಿದ ಪ್ರಕ್ಷಿಪ್ತ ಪದ್ಯದಂತೆ ಮೂಲದೊಡನೆ ಬೆರೆತುಹೋಗುವುದು. ಇದಕ್ಕಿಂತಲೂ ಘೋರವಾದ ಅಪಾಯವೆಂದರೆ, ಬರೆಯಬೇಕಾದ ಮಾತನ್ನು ಲೇಖಕನು ಪಾಲಿಸಬೇಕಾದ ಆಜ್ಞೆಯೆಂದು ತಿಳಿಯುವುದು. ಇದಕ್ಕೆ ಮೂರು ನಿದರ್ಶನಗಳನ್ನು ಕೊಡಬಹುದು.

ಅಮೆರಿಕದ ಸರ್ಟ್ ಕೇಂದ್ರವು 1995ರ ಅಕ್ಟೋಬರ್‌ನಲ್ಲಿ ಸಿಸ್‌ಲಾಗ್ ಬಗ್ಗೆಯೇ ಎಚ್ಚರಿಕೆಯನ್ನು ಪ್ರಕಟಿಸಿತು. ಸಂದೇಶವನ್ನು ಜೋಡಿಸಲು ಅದು ಇಟ್ಟುಕೊಂಡಿದ್ದ ಸ್ಮೃತಿಸ್ಥಾನದ ಅಳತೆ ಗೊತ್ತಾದುದು. ಬಂದ ಮಾತಿನ ಉದ್ದವನ್ನು ಮಾತ್ರ ಅಳೆಯುತ್ತಿರಲಿಲ್ಲ. ಉದ್ದವಾದ ಮಾತು ಸ್ಥಳವನ್ನು ಮೀರಿ ಉಕ್ಕಿ, ಪಕ್ಕದ ಸ್ಮೃತಿಯಲ್ಲಿದ್ದುದನ್ನು ಅಳಿಸಿ, ತಾನೇ ಆಜ್ಞೆಯಾಗಿ ನಡೆಯಬಹುದಾಗಿತ್ತು.

ಎರಡನೆಯದು 2000ದ ಆಗಸ್ಟ್‌ನದು. ಸಿಸ್‌ಲಾಗ್‌ಗೆ ಸಂದೇಶ ಕೊಡುವಾಗ ಒಂದು ಮಾದರಿ ವಾಕ್ಯವನ್ನೂ, ಅದರ ಬಿಟ್ಟ ಸ್ಥಳಗಳಲ್ಲಿ ತುಂಬಬೇಕಾದ ಮಾತುಗಳನ್ನೂ ಬೇರೆ ಬೇರೆಯಾಗಿ ಕೊಡಬೇಕು. ಮಾದರಿಯಲ್ಲಿನ ಶೇಕಡಾ ಚಿಹ್ನೆಗಳಿಗೆ ವಿಶೇಷಾರ್ಥವಿದೆ. ಅವು ಎಲ್ಲಿ ಏನನ್ನು ತುಂಬಬೇಕೆಂದು ಆಜ್ಞಾಪಿಸುತ್ತವೆ, ಅವುಗಳಲ್ಲೊಂದು ಸ್ಮೃತಿಯಲ್ಲಿ ಬರೆಯುವ ಅಧಿಕಾರವನ್ನೂ ಕೊಡುತ್ತದೆ. ಲಿನಕ್ಸ್ ಯಂತ್ರಗಳ ಒಂದು ಸೇವಾಪ್ರೋಗ್ರಾಮು ಹೊರಗಿನವರ ಮಾತನ್ನೇ ಮಾದರಿಯ ಸ್ಥಾನದಲ್ಲಿಟ್ಟುಬಿಟ್ಟಿತ್ತು. ಮಾದರಿಯಾಗಿ ಒಂದು ಖಾಲಿ ಸ್ಥಳವನ್ನು ಮಾತ್ರ ಕೊಟ್ಟು, ಪರಕೀಯರ ಮಾತನ್ನು ಅದರಲ್ಲಿ ತುಂಬುವುದೇ ಇದಕ್ಕೆ ಪರಿಹಾರ. ನಾಲ್ಕಾರು ಅಕ್ಷರಗಳ ಈ ಅಲಕ್ಷ್ಯದ ಫಲವಾಗಿ, 2001ರ ಜನವರಿಯಲ್ಲಿ ರಾಮೆನ್ ಎಂಬ ಗಣಕಹುಳು ಇದನ್ನೂ ಇದೇ ಜಾತಿಯ ಇತರ ದೋಷಗಳನ್ನೂ ಬಳಸಿಕೊಂಡು ಯಂತ್ರದಿಂದ ಯಂತ್ರಕ್ಕೆ ಹರಡಿತು.

ಮೂರನೆಯದು ಸಿಸ್‌ಲಾಗಿಗೆ ಸೇರಿದ್ದಲ್ಲವಾದರೂ ಅದೇ ಕುಲದ್ದು. ಜಾವಾ ಭಾಷೆಯ ಪ್ರೋಗ್ರಾಮುಗಳಿಗೆ ಲಾಗ್ ಬರೆದುಕೊಡುವ ಲಾಗ್‌ಫೋರ್‌ಜೆ ಎಂಬ ಸಾಧನಕ್ಕೆ 2013ರಲ್ಲಿ ಹೊಸ ಸೌಕರ್ಯವೊಂದು ಸೇರಿತ್ತು: ಸಂದೇಶದಲ್ಲಿ ಒಂದು ಗುರುತು ಕಂಡರೆ ಅದು ಬೇರೆ ಯಂತ್ರವನ್ನು ವಿಚಾರಿಸಿ, ಬಂದ ಉತ್ತರವನ್ನು ಅಲ್ಲಿ ತುಂಬುತ್ತಿತ್ತು. ಆ ಗುರುತನ್ನು ಯಾರು ಬೇಕಾದರೂ ಬರೆಯಬಹುದು, ವಿಚಾರಿಸುವ ಯಂತ್ರವು ವೈರಿಯದೇ ಆಗಿರಬಹುದು, ಅಲ್ಲಿಂದ ಬರುವುದು ಪ್ರೋಗ್ರಾಮೇ ಆಗಿರಬಹುದು ಎಂಬುದು 2021ರ ಡಿಸೆಂಬರ್‌ನಲ್ಲಿ ಬಹಿರಂಗವಾದಾಗ, ಜಗತ್ತಿನಾದ್ಯಂತ ಯಂತ್ರಗಳನ್ನು ದುರಸ್ತಿ ಮಾಡಬೇಕಾಯಿತು.

ಇಪ್ಪತ್ತಾರು ವರ್ಷಗಳ ಅಂತರದಲ್ಲಿ ನಡೆದ ಈ ಮೂರು ಪ್ರಸಂಗಗಳಿಗೂ ಮೂಲಕಾರಣ ಒಂದೇ. ಕರಣಿಕನ ಧರ್ಮ ಕೇಳಿದ್ದನ್ನು ಬರೆಯುವುದು; ಕೇಳಿದ್ದನ್ನು ಮಾಡುವುದಲ್ಲ.

5. ಬರೆದವರು ಯಾರು, ತಿದ್ದಿದವರು ಯಾರು

ಹಳೆಯ ಸಿಸ್‌ಲಾಗಿನಲ್ಲಿ ಪ್ರೋಗ್ರಾಮು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ. ಸಾಮಾನ್ಯ ಬಳಕೆದಾರನೂ ಲಾಗರ್ ಎಂಬ ಆಜ್ಞೆಯಿಂದ ತನಗಿಷ್ಟವಾದ ಹೆಸರಿನಲ್ಲಿ ಒಂದು ಸಾಲನ್ನು ಬರೆಸಬಹುದು. ಯಂತ್ರದ ಮೇಲೆ ಪೂರ್ಣಾಧಿಕಾರ ಪಡೆದವನಂತೂ ಬರೆದುದನ್ನು ಅಳಿಸಲೂ ಬಲ್ಲನು.

ಇದರ ಪರಿಹಾರಮಾರ್ಗವನ್ನು ತೋರಿಸಿದ ಪ್ರಸಿದ್ಧ ಘಟನೆಯು ಸಿಸ್‌ಲಾಗ್ ಹುಟ್ಟಿದ ಊರಿನಲ್ಲಿಯೇ ನಡೆಯಿತು. 1986ರ ಆಗಸ್ಟ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಗಣಕಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಅದರ ಕಾರಣವನ್ನು ಹುಡುಕಲು ಹೊರಟ ಖಗೋಳಜ್ಞ ಕ್ಲಿಫರ್ಡ್ ಸ್ಟೋಲ್ ಅವರಿಗೆ, ಯಂತ್ರದೊಳಗೆ ಅನ್ಯನೊಬ್ಬನು ಸಂಚರಿಸುತ್ತಿರುವುದು ಗೊತ್ತಾಯಿತು. ಅವರು ಹೊರಗಿನಿಂದ ಬರುವ ತಂತಿಗಳಿಗೆ ಮುದ್ರಕಗಳನ್ನು ಜೋಡಿಸಿ, ಆತನು ಒತ್ತಿದ ಅಕ್ಷರಗಳೆಲ್ಲ ಕಾಗದದ ಮೇಲೆ ಮೂಡುವಂತೆ ಮಾಡಿದರು. ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು. ಮಾಹಿತಿಯನ್ನು ಸೋವಿಯೆತ್ ಗುಪ್ತಚರರಿಗೆ ಮಾರುತ್ತಿದ್ದುದು ಬಯಲಾಯಿತು. ಯಂತ್ರದೊಳಗಿನ ಬರಹಕ್ಕೆ ಕೈಹಾಕಬಲ್ಲವನಿಗೆ ಬೇರೆಡೆಯಲ್ಲಿ ಅಚ್ಚಾಗುತ್ತಿದ್ದ ಕಾಗದವು ಎಟುಕಲಿಲ್ಲ. ಲಾಗನ್ನು ಹುಟ್ಟಿದ ಸ್ಥಳದಲ್ಲಿಯೇ ಬಿಡದೆ ಬೇರೆ ಯಂತ್ರದಲ್ಲಿ ಶೇಖರಿಸಬೇಕೆಂಬ ನಿಯಮದ ಅರ್ಥ ಇದೇ.

ಮುಂದಿನ ಪ್ರಯತ್ನಗಳನ್ನು ಸಂಕ್ಷೇಪವಾಗಿ ಹೇಳಬಹುದು. 1998ರಲ್ಲಿ ಹಂಗೆರಿಯ ಬಾಲಾಜ್ ಶೈಡ್ಲರ್ ಅವರ ಸಿಸ್‌ಲಾಗ್-ಎನ್‌ಜಿ, 2004ರಲ್ಲಿ ಜರ್ಮನಿಯ ಗೆರ್ಹಾರ್ಡ್ಸ್ ಅವರ ಆರ್‌ಸಿಸ್‌ಲಾಗ್ ಆರಂಭವಾದವು. 2009ರಲ್ಲಿ ಗೂಢಲಿಪಿಯ ರಕ್ಷಣೆಯುಳ್ಳ ಸಾಗಣೆಗೂ, 2010ರಲ್ಲಿ ಸಂದೇಶಗಳಿಗೆ ಅಂಕೀಯ ಸಹಿ ಹಾಕುವುದಕ್ಕೂ ವಿಧಿಗಳು ಬಂದವು. 2011ರ ನವೆಂಬರ್‌ನಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೈ ಸೀವರ್ಸ್ ಎಂಬುವರು ಲಿನಕ್ಸ್‌ಗಾಗಿ ಜರ್ನಲ್ ಎಂಬ ಹೊಸ ಏರ್ಪಾಡನ್ನು ಪ್ರಕಟಿಸಿದರು. ಅದರಲ್ಲಿ ಹೇಳಿದವನ ಗುರುತನ್ನು ಅವನ ಬಾಯಿಂದಲೇ ಕೇಳಿ ಬರೆಯುವುದಲ್ಲದೆ, ಕರ್ನಲ್‌ನಿಂದ ತಿಳಿದು ಪ್ರತ್ಯೇಕವಾಗಿಯೂ ದಾಖಲಿಸುತ್ತಾರೆ. ಆದರೆ ಅದರ ಕಡತವನ್ನು ಬರಿಗಣ್ಣಿನಿಂದ ಓದಲಾಗುವುದಿಲ್ಲ. ವಿಶೇಷ ಸಾಧನ ಬೇಕು. 2023ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಪ್ರಭೇದದ 12ನೆಯ ಆವೃತ್ತಿಯು ಆರ್‌ಸಿಸ್‌ಲಾಗನ್ನು ತಾನಾಗಿ ಸ್ಥಾಪಿಸುವುದನ್ನು ಕೈಬಿಟ್ಟಿತು. ಯಾವ ಸಾಧನದಿಂದಲಾದರೂ ಓದಬಲ್ಲ ಸರಳ ಬರಹ ಮೇಲೋ, ವಂಚನೆಗೆ ಸುಲಭವಾಗಿ ಒಳಗಾಗದ ಜಟಿಲ ಬರಹ ಮೇಲೋ ಎಂಬ ವಾದ ಇನ್ನೂ ಮುಗಿದಿಲ್ಲ. ದೀರ್ಘಕಾಲ ಉಳಿಯಬೇಕಾದ ದಾಖಲೆಗೆ ಇವೆರಡು ಗುಣಗಳೂ ಬೇಕೆಂದು ನಮಗೆ ತೋರುತ್ತದೆ.

6. ಸಾಕ್ಷ್ಯದ ಭಾರ

ಇವೆಲ್ಲವೂ ತಂತ್ರಜ್ಞರ ಚರ್ಚೆಯಷ್ಟೇ ಎಂದು ಭಾವಿಸುವವರು ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣವನ್ನು ಅವಲೋಕಿಸಬೇಕು. ಅಲ್ಲಿ 1999ರಲ್ಲಿ ಹೊರೈಜ಼ನ್ ಎಂಬ ಗಣಕವ್ಯವಸ್ಥೆಯು ಜಾರಿಗೆ ಬಂದಿತು. ಮುಂದಿನ ವರ್ಷಗಳಲ್ಲಿ ಅದು ತೋರಿಸಿದ ಲೆಕ್ಕದ ಕೊರತೆಯನ್ನೇ ಆಧಾರ ಮಾಡಿಕೊಂಡು 900ಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹುತೇಕರು ಊರ ಅಂಚೆಯ ಮೇಲ್ವಿಚಾರಕರು, ಕಳವು, ವಂಚನೆ ಅಥವಾ ಸುಳ್ಳು ಲೆಕ್ಕದ ಅಪರಾಧಿಗಳೆಂದು ನಿರ್ಣಯಿಸಲಾಯಿತು. ಕೆಲವರು ಸೆರೆವಾಸ ಅನುಭವಿಸಿದರು. 2019ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಫ್ರೇಸರ್ ಅವರು ಕೊಟ್ಟ ತೀರ್ಪಿನಲ್ಲಿ, ವ್ಯವಸ್ಥೆಯಲ್ಲಿ ದೋಷಗಳಿದ್ದುದೂ, ಅದನ್ನು ನಿರ್ಮಿಸಿದ ಸಂಸ್ಥೆಯವರು ಮೇಲ್ವಿಚಾರಕರಿಗೆ ತಿಳಿಯದಂತೆ ದೂರದಿಂದಲೇ ಲೆಕ್ಕದಲ್ಲಿ ನಮೂದುಗಳನ್ನು ಸೇರಿಸಬಲ್ಲವರಾಗಿದ್ದುದೂ ಸಿದ್ಧವಾದವು. 2024ರಲ್ಲಿ ಬ್ರಿಟಿಷ್ ಸಂಸತ್ತು ಅಪರಾಧನಿರ್ಣಯಗಳನ್ನು ಒಟ್ಟಾಗಿ ರದ್ದುಪಡಿಸುವ ಕಾಯಿದೆಯನ್ನೇ ಮಾಡಬೇಕಾಯಿತು. ಅಲ್ಲಿನ ದಾಖಲೆಗಳು ಸಿಸ್‌ಲಾಗಿನವಲ್ಲ. ಆದರೆ ಬರೆದವರು ಯಾರೆಂಬ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಆಗುವ ಅನಾಹುತಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ ಸಾಕ್ಷ್ಯ ಅಧಿನಿಯಮಕ್ಕೆ 65-ಬಿ ಪ್ರಕರಣವನ್ನು ಸೇರಿಸಲಾಯಿತು. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಒಪ್ಪಿಸುವಾಗ ಅದು ಯಾವ ಯಂತ್ರದಿಂದ ಹೇಗೆ ಬಂದಿತೆಂಬ ಪ್ರಮಾಣಪತ್ರ ಅವಶ್ಯವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಲ್ಲಿಯೂ ಈ ಪದ್ಧತಿ ಮುಂದುವರಿದಿದೆ. ದಾಖಲೆಯಿಂದ ಲೆಕ್ಕ ಹಾಕಿ ಪಡೆದ ಹ್ಯಾಶ್ ಸಂಖ್ಯೆಯನ್ನೂ ಈಗ ಪ್ರಮಾಣಪತ್ರದಲ್ಲಿ ನಮೂದಿಸಬೇಕು. ಒಂದಕ್ಷರ ಬದಲಾದರೂ ಈ ಸಂಖ್ಯೆ ಬದಲಾಗುವುದು. ಆದರೆ ಪ್ರತಿ ತೆಗೆದ ಮೇಲೆ ತಿದ್ದಿಲ್ಲವೆಂಬುದನ್ನು ಮಾತ್ರ ಅದು ತೋರಿಸಬಲ್ಲದು. ಮೊದಲು ಬರೆದದ್ದೇ ನಿಜವೆಂದು ತೋರಿಸಲಾರದು.

ಒಟ್ಟಿನಲ್ಲಿ ಹೇಳುವುದಾದರೆ, ಪ್ರೋಗ್ರಾಮು ಬರೆಯುವ ವಿದ್ಯಾರ್ಥಿಯು ಲಾಗಿನಲ್ಲಿ ಒಂದು ಸಾಲನ್ನು ಬರೆಯುವಾಗ ತಾನು ಸಾಕ್ಷಿ ನುಡಿಯುತ್ತಿದ್ದೇನೆಂಬುದನ್ನು ನೆನಪಿಡಬೇಕು. ತೇದಿಯನ್ನು ಪೂರ್ಣವಾಗಿ ಬರೆಯಬೇಕು. ಪರರ ಮಾತನ್ನು ಪರರ ಮಾತೆಂದೇ ಬರೆಯಬೇಕು. ತೀವ್ರತೆಯನ್ನು ಹೆಚ್ಚಿಸಿಯೂ ಹೇಳಬಾರದು, ಇಳಿಸಿಯೂ ಹೇಳಬಾರದು. ಇತಿಹಾಸದ ವಿದ್ಯಾರ್ಥಿಯಾದರೋ, ಮುಂದೆ ತನ್ನ ಮೇಜಿನ ಮೇಲೆ ಇಂಥ ಸಾಲುಗಳ ರಾಶಿ ಬಂದು ಬಿದ್ದಾಗ, ಇದು ಯಂತ್ರದ ಬರಹವೆಂದು ಕೈಮುಗಿದು ಒಪ್ಪಿಕೊಳ್ಳದೆ, ಶಿಲೆಯ ಮೇಲಿನ ಬರಹಕ್ಕೆ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳಬೇಕು. ಆ ಪ್ರಶ್ನೆಗಳನ್ನು ಕೇಳುವ ಅಭ್ಯಾಸವು ನಮ್ಮ ಶಾಸ್ತ್ರಕ್ಕೆ ಹೊಸದೇನಲ್ಲ.